ಈಶಾನ್ಯ ಮೂಲೆಯ ಲಾರಿ

ಶಂಭುಲಿಂಗಪ್ಪ ಸಾಹುಕಾರರು ನನ್ನ ಮಗನ ಹೆಸರನ್ನು ಗಿರಣಿಯ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಸಿದ ದಿನ ನಾನು ಅದೇ ಗೋಡೆಯ ಕೆಳಗೆ ಕುಳಿತು ನುಚ್ಚು ಕೇರುತ್ತಿದ್ದೆ. ಮಾನ್ವಿಯ ಅವರ ಅಕ್ಕಿ ಗಿರಣಿಗೆ ಎರಡು ಲಾರಿಗಳಿದ್ದವು. ಹಳೆಯದನ್ನು ವಲಿ ಪಾಷಾ ಓಡಿಸುತ್ತಿದ್ದ. ದೀಪಾವಳಿಗೆ ಕೊಂಡ ಹೊಸದನ್ನು ನನ್ನ ಮಗ ಯಮನೂರಪ್ಪ ಓಡಿಸುತ್ತಿದ್ದ. ಗೋಡೆಯ ಮೇಲೆ ವಲಿ ಪಾಷಾನ ಹೆಸರಿನ ಮುಂದೆ ನಾಲ್ಕೂಕಾಲು ಎಂದಿತ್ತು, ನನ್ನ ಮಗನ ಹೆಸರಿನ ಮುಂದೆ ಮೂರು. ಒಂದು ಲೀಟರ್ ಡೀಸೆಲ್‌ಗೆ ಯಾವ ಲಾರಿ ಎಷ್ಟು ಕಿಲೋಮೀಟರ್ ಓಡುತ್ತದೆ ಎನ್ನುವುದು ಅದು. ಓದಲು ಬಾರದ ಹಮಾಲರಿಗೂ ತಿಳಿಯಲಿ ಎಂದು ಗುಮಾಸ್ತ ಆ ಮೂರರ ಸುತ್ತ ಒಂದು ಗೆರೆ ಬೇರೆ ಸುತ್ತಿದ್ದ.

"ಹಳೀ ಗಾಡಿ ನಾಲ್ಕೂಕಾಲು, ಹೊಸಾ ಗಾಡಿ ಮೂರು. ನಡಕಿನ ಡೀಸೆಲ್ ಎಲ್ಲಿ ಹೋತಪಾ? ಆಕಾಶಕ್ಕ ಹಾರ್ತಾ?" ಎಂದರು ಸಾಹುಕಾರರು.

ಚೀಲ ಹೊರುತ್ತಿದ್ದವರು ಚೀಲ ಇಳಿಸಿ ನಿಂತರು. ನನ್ನ ಮಗ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಚುತ್ತಾ, ಮತ್ತೆ ಬಿಚ್ಚುತ್ತಾ ನಿಂತಿದ್ದ.

"ನಾ ಮುಟ್ಟಿಲ್ರೀ. ಗಾಡಿನೇ ಕುಡ್ಯಾಕತ್ತದ. ಏರಿನ್ಯಾಗ ಎಳ್ಯಂಗಿಲ್ಲ, ಕರೀ ಹೊಗಿ ಉಗುಳ್ತದ."

"ಹೊಸಾ ಗಾಡಿ! ಸ್ವಾಮಿಗಳ ಕೈಲೆ ಪೂಜಿ ಮಾಡ್ಸಿದ ಗಾಡಿ! ಅದಕ್ಕ ಯಾಕ ಹೆಸರು ಇಡ್ತಿ? ಮುಟ್ಟಿಲ್ಲ ಅಂತಿದ್ರ ಕೃಷ್ಣಾ ದಂಡೀ ಊರು ಗೂಗಲ್‌ನ್ಯಾಗ ಅಲ್ಲಮಪ್ರಭುವಿನ ಗುಡಿ ಮುಂದ ಆಣಿ ಮಾಡಿ ಹೇಳು. ಹೊಳ್ಯಾಗ ಮುಳುಗಿ, ಹಸೀ ಬಟ್ಟೀಲೆ."

"ಹೇಳ್ತೀನ್ರೀ," ಎಂದ ಮಗ. ಅಷ್ಟು ಸುಲಭಕ್ಕೆ ಎಂದ.

ನಾನು ಮೊರ ಕೆಳಗಿಟ್ಟು ಎದ್ದೆ. "ಎದಕ್ಕ ಹೇಳ್ಬೇಕ್ರೀ ಅಂವ? ಕದ್ದದ್ದು ನೋಡ್ದೋರು ಯಾರದಾರ?"

"ನೀ ನುಚ್ಚು ಕೇರು ಬಂಡೆಮ್ಮಾ. ಗಂಡಸರ ಮಾತಿನ್ಯಾಗ ಬರಬ್ಯಾಡ."

ಆಗ ಡೀಸೆಲ್‌ನ ದರ ಏರಿತ್ತು. ರಾಯಚೂರಿನ ಬಂಕುಗಳ ಮುಂದೆ ಲಾರಿಗಳು ಅರ್ಧ ಹರದಾರಿ ಸಾಲು ನಿಲ್ಲುತ್ತಿದ್ದವು. ಡೀಸೆಲ್ ಮಾರಿಕೊಳ್ಳುವ ಡ್ರೈವರುಗಳು ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ರಸ್ತೆಯ ಬದಿಗೆ ನಿಲ್ಲಿಸಿ, ಟ್ಯಾಂಕಿಗೆ ರಬ್ಬರ್ ಕೊಳವೆ ಇಳಿಸಿ, ಬಾಯಿಂದ ಎಳೆದು ಡಬ್ಬಿಗೆ ಬಿಡುತ್ತಿದ್ದರು. ಆದರೆ ಹಾಗೆ ಎಳೆದವನ ಬಾಯಿ ಎರಡು ದಿನ ನಾರುತ್ತದೆ. ಅವನು ಮುರಿದಿಟ್ಟ ರೊಟ್ಟಿಯ ಚೂರೂ ನಾರುತ್ತದೆ. ನನ್ನ ಮಗ ದಿನಾ ನನ್ನ ಎದುರಿಗೆ ಕುಳಿತು ಉಣ್ಣುತ್ತಿದ್ದ. ಅವನ ಮೈಯ ಒಂದೊಂದು ವಾಸನೆಯೂ ನನಗೆ ಗೊತ್ತು. ಬೆವರು, ಗ್ರೀಸು, ಹೊಗೆ ಎಲ್ಲ ಇದ್ದವು. ಕಳುವಿನ ವಾಸನೆ ಇರಲಿಲ್ಲ. ಆದರೆ ತಾಯಿಯ ಮೂಗನ್ನು ಯಾವ ಪಂಚರು ಒಪ್ಪುತ್ತಾರೆ?

ಇನ್ನೊಂದು ಸಂಗತಿಯಿತ್ತು. ಶಕ್ತಿನಗರದಲ್ಲಿ ವಿದ್ಯುತ್ ಕೇಂದ್ರ ಕಟ್ಟುವ ಕೆಲಸ ನಡೆದಿತ್ತು. ಅಲ್ಲಿ ಮಣ್ಣು, ಜಲ್ಲಿ ಸಾಗಿಸುವ ಗುತ್ತಿಗೆ ಹಿಡಿದ ಗಡಿಗೆಪ್ಪ ಎನ್ನುವವರು ಒಳ್ಳೆಯ ಡ್ರೈವರುಗಳನ್ನು ಹುಡುಕುತ್ತಿದ್ದರು. ಇರಲು ಮನೆ, ತಿಂಗಳಿಗೆ ನಿಗದಿ ಪಗಾರ. ನನ್ನ ಸೊಸೆ ಬೂದೆಮ್ಮನಿಗೆ ಮೊದಲ ಕೂಸು ಹುಟ್ಟಿ ನಾಲ್ಕು ತಿಂಗಳಾಗಿತ್ತು. ಮಗ ಮನೆ ಸೇರುವಷ್ಟರಲ್ಲಿ ಕೂಸು ಮಲಗಿರುತ್ತಿತ್ತು, ವಾರಕ್ಕೆ ಎರಡು ದಿನ ಮಾತ್ರ ಅದು ಎಚ್ಚರವಿದ್ದಾಗ ನೋಡುತ್ತಿದ್ದ. ಗಡಿಗೆಪ್ಪನವರ ಷರತ್ತು ಒಂದೇ. ಈಗಿನ ಮಾಲೀಕರು ಮಗ ನಂಬಿಕಸ್ಥ ಎಂದು ಒಂದು ಚೀಟಿ ಬರೆದುಕೊಡಬೇಕು. ಆ ಚೀಟಿ ಬರೆಯಬೇಕಾದ ಕೈಯೇ ಗೋಡೆಯ ಮೇಲೆ ಮೂರು ಬರೆಸಿತ್ತು.

ಆಣೆಗೆಂದೇ ಡೀಸೆಲ್ ಸುಡಬಾರದೆಂದು ಸಾಹುಕಾರರು ದೇವದುರ್ಗಕ್ಕೆ ಅಕ್ಕಿ ಇಳಿಸುವ ದಿನವನ್ನೇ ಆರಿಸಿದರು. ಅಕ್ಕಿ ಇಳಿದ ಮೇಲೆ ಅದೇ ಲಾರಿಯಲ್ಲಿ, ನನ್ನ ಮಗನೇ ಓಡಿಸಿಕೊಂಡು, ಗೂಗಲ್‌ಗೆ ಹೋದೆವು. ಕಳ್ಳ ಎಂದವರು ಅವನ ಪಕ್ಕದಲ್ಲಿ ಕಾಲು ಚಾಚಿ ಕುಳಿತಿದ್ದರು. ನಾನು ಹಿಂದೆ ಖಾಲಿ ಚೀಲಗಳ ಮೇಲೆ ಕುಳಿತೆ. ಸಾಕ್ಷಿಗೆಂದು ದೇವದುರ್ಗದ ಇಬ್ಬರು ವ್ಯಾಪಾರಿಗಳೂ ಹತ್ತಿದರು.

ಪುಷ್ಯ ಮಾಸ. ಕೃಷ್ಣೆಯ ನೀರು ಮೂಳೆಗೆ ತಾಗುವಷ್ಟು ತಣ್ಣಗಿತ್ತು. ಮಗ ಧೋತರ ಉಟ್ಟುಕೊಂಡೇ ಮೂರು ಸಲ ಮುಳುಗಿ ಎದ್ದು ಬಂದ. ತುಟಿ ನೀಲಿಯಾಗಿತ್ತು. ಸಣ್ಣವನಿದ್ದಾಗ ಚಳಿಯಾದರೆ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ. ಇಪ್ಪತ್ತಾರು ವರ್ಷದ ಗಂಡಸು ಆವತ್ತೂ ಹಾಗೆಯೇ ಸಿಕ್ಕಿಸಿಕೊಂಡು ನಿಂತ. ನಾನು ಸೆರಗಿನಿಂದ ಅವನ ತಲೆ ಒರೆಸಲು ಹೋದೆ.

"ಒರಸಬ್ಯಾಡ! ಹಸೀ ಮೈಲೇ ಇರ್ಬೇಕು," ಎಂದರು ಸಾಹುಕಾರರು. ಅವರು ಉಣ್ಣೆಯ ಶಾಲು ಹೊದ್ದಿದ್ದರು.

ಮಗ ಹೊಸ್ತಿಲು ಮುಟ್ಟಿ ಹೇಳಿದ. ಒಂದು ಹನಿ ಡೀಸೆಲ್ ಮಾರಿಲ್ಲ, ಮಾರಿದ್ದರೆ ನನ್ನ ಕಣ್ಣು ಹೋಗಲಿ ಎಂದ. ಕಣ್ಣಿನ ಮಾತು ಸಾಹುಕಾರರು ಹೇಳಿಕೊಟ್ಟದ್ದು. ಡ್ರೈವರಿಗೆ ಕಣ್ಣಿಗಿಂತ ದೊಡ್ಡದು ಇಲ್ಲವಲ್ಲ. ಪೂಜಾರಿ ಬಗ್ಗಿ ನನ್ನ ಮಗನ ಕೈಗೆ ವಿಭೂತಿ ಕೊಟ್ಟು, "ಮನಿಗೆ ಹೋಗಿ ಬಿಸೀದು ಏನರ ಕುಡಿಯಪ್ಪಾ," ಎಂದ. ಆ ದಿನ ನನ್ನ ಮಗನನ್ನು ಮನುಷ್ಯನ ಹಾಗೆ ಮಾತಾಡಿಸಿದವನು ಆ ಪೂಜಾರಿ ಒಬ್ಬನೇ. ದೇವರ ಮೇಲೆ ನನಗೆ ಸಿಟ್ಟಿಲ್ಲ, ಅವತ್ತೂ ಇರಲಿಲ್ಲ. ಗಾಡಿಯ ಬಾನೆಟ್ ಎತ್ತಿ ನೋಡಬೇಕಾದ ಕೆಲಸವನ್ನು ದೇವರ ತಲೆಗೆ ಕಟ್ಟಿದವರ ಮೇಲೆ ಇತ್ತು, ಈಗಲೂ ಇದೆ.

ಬರುವಾಗ ಹೊಳೆಯ ದಂಡೆಯಿಂದ ಮೇಲಿನ ಏರು ಹತ್ತುತ್ತಿದ್ದಂತೆ ಲಾರಿ ನರಳಿತು. ಖಾಲಿ ಲಾರಿ! ಹೊಗೆ ಕೊಳವೆಯಿಂದ ಕರಿ ಮೋಡ ಎದ್ದು ಹಿಂದಕ್ಕೆ ಸುತ್ತಿ ನನ್ನ ಮುಖಕ್ಕೇ ಬಡಿಯಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಮುಖ ಒರೆಸಿಕೊಂಡರೆ ಸೆರಗು ಕಪ್ಪಾಯಿತು. ಬೆರಳಲ್ಲಿ ತಿಕ್ಕಿದೆ; ಎಣ್ಣೆಯ ಜಿಡ್ಡಿನ ಮಸಿ. ಆ ಮಸಿ ನನಗೆ ಹೊಸದಲ್ಲ.

ನಮ್ಮ ಮನೆಯಲ್ಲಿ ಅಡಿಗೆಯಾಗುವುದು ಹೊಟ್ಟಿನ ಒಲೆಯ ಮೇಲೆ. ಗಿರಣಿಯಿಂದ ಭತ್ತದ ಹೊಟ್ಟು ತಂದು, ತಗಡಿನ ಡಬ್ಬಿಯ ನಡುವೆ ಒಂದು ಕೋಲು ನಿಲ್ಲಿಸಿ, ಸುತ್ತ ಹೊಟ್ಟು ಗಟ್ಟಿಯಾಗಿ ತುಂಬಿ, ಆಮೇಲೆ ಕೋಲನ್ನು ಮೆಲ್ಲಗೆ ಎಳೆದು ತೆಗೆಯುತ್ತೇವೆ. ಆ ತೂತಿನಿಂದ ಗಾಳಿ ಆಡಿದರೆ ಉರಿ ನೀಲಿಯಾಗಿ ನಿಲ್ಲುತ್ತದೆ. ಹೊಟ್ಟು ಕುಸಿದು ತೂತು ಮುಚ್ಚಿತೋ, ಮುಗಿಯಿತು. ಹೊಟ್ಟೆಲ್ಲ ಸುಟ್ಟು ಹೋಗುತ್ತದೆ, ಮನೆ ತುಂಬ ಹೊಗೆ, ಗಡಿಗೆಯ ತಳಕ್ಕೆ ಇದೇ ಮಸಿ, ಅನ್ನ ಮಾತ್ರ ಬೇಯುವುದಿಲ್ಲ. ಕೊಟ್ಟದ್ದನ್ನೆಲ್ಲ ತಿಂದು ಕೆಲಸ ಮಾಡದ ಒಲೆ ಅದು. ಚೀಲಗಳ ಮೇಲೆ ಕುಳಿತು ನಾನು ಯೋಚಿಸಿದೆ. ಈ ಲಾರಿಗೆ ಉಸಿರಾಡಲು ತೂತು ಎಲ್ಲಿದೆ?

ಮರುದಿನ ಬೂದೆಮ್ಮ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ನನಗೆ ಬುತ್ತಿ ತಂದಳು. ಅವಳು ಏಳನೆಯ ತರಗತಿಯವರೆಗೆ ಓದಿದವಳು. ಗೋಡೆಯ ಮೇಲೆ, ಆ ಮೂರರ ಪಕ್ಕದಲ್ಲೇ, ಒಂದು ಚಿತ್ರದ ಹಾಳೆ ಅಂಟಿಸಿತ್ತು. ಲಾರಿ ಮಾಲೀಕರಿಗೆ ಡೀಸೆಲ್ ಉಳಿತಾಯದ ಬಗ್ಗೆ ರಾಯಚೂರಿನಲ್ಲಿ ಸಭೆ ಆದಾಗ ಸಾಹುಕಾರರು ತಂದದ್ದು ಅದು. "ಅದ್ರಾಗ ಏನೈತಿ ಓದವ್ವಾ," ಎಂದೆ.

ಅವಳು ಓದಿದಳು. ಟೈರಿಗೆ ಗಾಳಿ ಸರಿಯಾಗಿರಬೇಕು. ಹೆಚ್ಚು ಭಾರ ಹೇರಬಾರದು. ನಿಂತಾಗ ಇಂಜಿನ್ ಸುಮ್ಮನೆ ಓಡಿಸಬಾರದು. ಗಾಳಿ ಸೋಸುವ ಡಬ್ಬಿಯನ್ನು ಧೂಳಿನ ಜಾಗದಲ್ಲಿ ವಾರಕ್ಕೊಮ್ಮೆ ಬಿಚ್ಚಿ ತೊಳೆಯಬೇಕು, ಇಲ್ಲವಾದರೆ ಕರಿ ಹೊಗೆ ಬಂದು ಡೀಸೆಲ್ ಹಾಳು. ಹಾಳೆಯ ತುಂಬ ಗಾಡಿಯ ಮಾತೇ ಇತ್ತು. ತೀರಾ ಕೊನೆಯ ಸಾಲಿನಲ್ಲಿ, ಡ್ರೈವರ್ ಮೇಲೂ ಗಮನವಿರಲಿ ಎಂದಿತ್ತು. ನಮ್ಮ ಸಾಹುಕಾರರು ಓದಿದ್ದು ಆ ಸಾಲು ಒಂದನ್ನೇ.

ನಾನು ಹಾಳೆಯಿಂದ ಕಣ್ಣು ತೆಗೆದು ಅಂಗಳದ ಕಡೆ ನೋಡಿದೆ. ಮೂರು ತಿಂಗಳಿಂದ ದಿನಾ ನೋಡಿದ್ದನ್ನು ಅವತ್ತು ಮೊದಲ ಸಲ ಕಂಡೆ.

ಹೊಸ ಲಾರಿ ಅಂಗಳದ ಈಶಾನ್ಯ ಮೂಲೆಯಲ್ಲಿ, ಪೂರ್ವಕ್ಕೆ ಮೂತಿ ಮಾಡಿ ನಿಂತಿತ್ತು. ಅಲ್ಲೇ ನಿಲ್ಲಬೇಕೆಂದು ಸಾಹುಕಾರರ ಮನೆಯ ಸ್ವಾಮಿಗಳು ಹೇಳಿದ್ದರು. ಗಿರಣಿಯ ಹೊಟ್ಟು ಉಗುಳುವ ದೊಡ್ಡ ಕೊಳವೆಯ ಬಾಯಿಯೂ ಅಲ್ಲೇ ಇತ್ತು. ಹಳೆಯ ಲಾರಿಗೆ ಸ್ವಾಮಿಗಳು ಯಾವ ದಿಕ್ಕನ್ನೂ ಹೇಳಿರಲಿಲ್ಲ, ಹಾಗಾಗಿ ಅದು ಗೇಟಿನ ಹತ್ತಿರ ಬೇವಿನ ನೆರಳಲ್ಲಿ ಆರಾಮಾಗಿತ್ತು. ಅಷ್ಟೇ ಅಲ್ಲ. ಹೊಸ ಲಾರಿಗೆ ಬೆಳಿಗ್ಗೆ, ಸಂಜೆ ಎರಡು ಹೊತ್ತು ಆರತಿಯಾಗುತ್ತಿತ್ತು. ಬಾನೆಟ್ ಎತ್ತಿ, ಇಂಜಿನ್‌ಗೆ ವಿಭೂತಿ ಹಚ್ಚಿ, ಇಂಜಿನ್ ಚಾಲೂ ಮಾಡಿಸಿಯೇ ಆರತಿ ಎತ್ತುತ್ತಿದ್ದರು. ಸತ್ತ ಗಾಡಿಗೆ ಆರತಿ ಎತ್ತಬಾರದು ಎನ್ನುವುದು ಸಾಹುಕಾರರ ಮಾತು. ಕಾಲು ಗಂಟೆ ಗಾಡಿ ನಿಂತಲ್ಲೇ ಗುಡುಗುಡು ಅನ್ನುತ್ತಿತ್ತು, ಪಕ್ಕದ ಕೊಳವೆ ಬುಸಬುಸ ಹೊಟ್ಟು, ತೌಡು ಉಗುಳುತ್ತಿತ್ತು. ತೆರೆದ ಬಾನೆಟ್ಟಿನೊಳಗೆ ಅದೆಲ್ಲ ಹೋಗುತ್ತಿತ್ತು. ಡೀಸೆಲ್ ಕದಿಯುತ್ತಿದ್ದ ಕಳ್ಳ ದಿನಕ್ಕೆರಡು ಸಲ ಎಲ್ಲರ ಕಣ್ಣೆದುರು ಗಂಟೆ ಬಾರಿಸಿಕೊಂಡು ಬರುತ್ತಿದ್ದ!

ಹೋಗಿ ಹೇಳಿದೆ. ಸಾಹುಕಾರರು ಹೊಟ್ಟೆ ಕುಣಿಸಿ ನಕ್ಕರು.

"ಕೇಳ್ರಪಾ, ಒಲಿ ಊದೋ ಬಂಡೆಮ್ಮ ಇಂಜಿನ್ ಡಾಕ್ಟರ್ ಆಗ್ಯಾಳ! ಗಾಡಿಗೆ ದಮ್ಮು ಆಗೈತಂತ!" ಆಮೇಲೆ ನಗು ನಿಲ್ಲಿಸಿ, "ಆ ಜಾಗ ಹೇಳಿದೋರು ನಿನಗಿಂತ ಬಲ್ಲೋರು. ಬಾಯಿ ಮುಚ್ಕೊಂಡು ಕೆಲಸಾ ಮಾಡು," ಎಂದರು.

ಸಂಜೆ ಮಗನನ್ನು ಕೇಳಿದೆ. "ಆ ಗಾಳಿ ಸೋಸೋ ಡಬ್ಬಿ ಯಾಕ ಬಿಚ್ಚಿಲ್ಲ ನೀನು?"

"ಹೆಂಗ ಬಿಚ್ಚಲಿಬೇ? ಸ್ವಾಮಿಗಳು ಮಂತ್ರಿಸಿದ ತಾಮ್ರದ ತಗಡು ಅದರ ಮುಚ್ಚಳಕ್ಕೇ ಕಟ್ಯಾರ. ಕೆಂಪು ದಾರ ಹನ್ನೊಂದು ಸುತ್ತು. ವರ್ಷ ತುಂಬೋತನ ಯಾರೂ ಬಿಚ್ಚಬಾರದಂತ. ಮೊದಲನೇ ದಿನಾನೇ ಹೇಳ್ದೆ, ಬೈದ್ರು."

ಇಡೀ ಇಂಜಿನ್‌ನಲ್ಲಿ ದಾರ ಕಟ್ಟಲು ಅವರಿಗೆ ಸಿಕ್ಕ ದುಂಡನೆಯ ಜಾಗ ಅದೊಂದೇ. ಗಾಡಿಯ ಮೂಗನ್ನು ಕಟ್ಟಿ, ಮೂಗಿನ ಮುಂದೆ ತೌಡು ತೂರಿ, ಉಸಿರಾಡದಿದ್ದರೆ ನನ್ನ ಮಗ ಕಳ್ಳ!

ಆ ವಾರ ರಾಯಚೂರಿಗೆ ಅಕ್ಕಿ ಒಯ್ಯುವಾಗ ಕೂಸಿಗೆ ಔಷಧ ತರುವ ನೆಪ ಹೇಳಿ ನಾನೂ ಹತ್ತಿದೆ. ಅಕ್ಕಿ ಇಳಿದ ಮೇಲೆ ಕುತುಬುದ್ದೀನ್ ಮೇಸ್ತ್ರಿಯ ಗ್ಯಾರೇಜಿಗೆ ಹೋದೆವು. ಕುತುಬುದ್ದೀನ್ ಮುದುಕ, ನಲವತ್ತು ವರ್ಷದಿಂದ ಇಂಜಿನ್ ಬಿಚ್ಚಿದವನು. ಬಾನೆಟ್ ಎತ್ತಿ ದಾರ ಕಂಡವನೇ ಕೈ ಹಿಂದೆಗೆದ.

"ಯವ್ವಾ, ನಾ ಮುಟ್ಟಂಗಿಲ್ಲ. ನಾಳಿ ಗಾಡಿ ಎಲ್ಲ್ಯಾರ ಹೋಗಿ ಬಡದ್ರ, ಸಾಬ ದಾರ ಬಿಚ್ಚಿದ್ದಕ್ಕಾ ಆತು ಅಂತಾರ. ನನಗ ಇನ್ನೂ ನಾಕು ದಿನಾ ಇದೇ ಊರಾಗ ಬದುಕೋದದ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಮಗನೂ ಹೆದರಿ ನಿಂತಿದ್ದ. ನಾನೇ ಬಂಪರಿನ ಮೇಲೆ ಕಾಲಿಟ್ಟು ಹತ್ತಿದೆ. ಕೈ ಮುಗಿದು, ಸಿಟ್ಟು ಬಂದರೆ ನನ್ನ ಮೇಲೆ ಬರಲಿ ತಂದೆ, ಹುಡುಗರ ಮೇಲೆ ಬೇಡ ಎಂದುಕೊಂಡು, ಹನ್ನೊಂದು ಸುತ್ತನ್ನೂ ಬಿಚ್ಚಿ ತಗಡನ್ನು ಸೆರಗಿನಲ್ಲಿ ಕಟ್ಟಿಕೊಂಡೆ.

ಕುತುಬುದ್ದೀನ್ ಡಬ್ಬಿಯನ್ನು ಬಿಚ್ಚಿ ಕೆಳಗಿಟ್ಟ. ಅದರ ತಳದಲ್ಲಿ ಎಣ್ಣೆ ಇರುತ್ತದೆ. ಗಾಳಿ ಅದರ ಮೇಲೆ ಹಾದು, ಧೂಳನ್ನು ಅಲ್ಲೇ ಬಿಟ್ಟು ಇಂಜಿನ್‌ಗೆ ಹೋಗಬೇಕು. ಎಣ್ಣೆ ಎಲ್ಲಿತ್ತು? ತೌಡು ಎಣ್ಣೆಯಲ್ಲಿ ನೆನೆದು ಕಂಠಮಟ ಗಟ್ಟಿ ಹಿಟ್ಟಾಗಿತ್ತು. ಮೇಲಿನ ತಂತಿಯ ಜಾಲರಿ ಪೂರ್ತಿ ಮುಚ್ಚಿ ಹೋಗಿತ್ತು. ಕುತುಬುದ್ದೀನ್ ಬೆರಳಿನಿಂದ ಒಂದು ಉಂಡೆ ತೆಗೆದು ಮಗನ ಕೈಯಲ್ಲಿಟ್ಟ.

"ತಗೋ ಬೇಟಾ. ಅವ್ವಗ ಕೊಡು, ನಾಕು ರೊಟ್ಟಿ ಬಡೀತಾಳ. ಈ ಇಂಜಿನ್ ಮೂರು ಹೆಂಗ ಕೊಡ್ತು ಅಂತೀನಿ! ಭಾಳ ಒಳ್ಳೇ ಇಂಜಿನ್. ಮನುಷಾ ಆಗಿದ್ರ ಸತ್ತಿರ್ತಿದ್ದ."

ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನೂ ತೆಗೆದು ಮಸಿ ಒರೆಸಿ, ತೊಳೆದ ಡಬ್ಬಿಗೆ ಹೊಸ ಎಣ್ಣೆ ಹಾಕಿ ಕೂಡಿಸಿದ. ನಾನು ತಗಡನ್ನಿಟ್ಟು ದಾರವನ್ನು ಮೊದಲಿನಂತೆಯೇ ಹನ್ನೊಂದು ಸುತ್ತು, ಆದರೆ ಮುಂದೆ ಬಿಚ್ಚದೆಯೇ ಜಾರಿಸಿ ತೆಗೆಯುವಷ್ಟು ಸಡಿಲಾಗಿ ಸುತ್ತಿದೆ. ಚಾಲೂ ಮಾಡಿದಾಗ ಹೊಗೆ ತೆಳ್ಳಗೆ, ಬೀಡಿಯ ಹೊಗೆಯಷ್ಟು ಬಂತು. ಮಗನ ಮುಖ ಅರಳಿದ್ದನ್ನು ಎಷ್ಟೋ ದಿನದ ಮೇಲೆ ಕಂಡೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. "ಈಗ ಏನೂ ಹೇಳಬ್ಯಾಡ. ಗೋಡಿ ಮ್ಯಾಲಿನ ಅಂಕಿ ಏರ್ಲಿ, ಆಮ್ಯಾಲ ಅದಾ ಹೇಳ್ತದ," ಎಂದೆ. ತೌಡು ಮತ್ತೆ ಕಟ್ಟಿಕೊಳ್ಳಬಾರದೆಂದು ಮಗ ವಾರಕ್ಕೊಮ್ಮೆ ರಾಯಚೂರಿನಲ್ಲಿ ಗುಟ್ಟಾಗಿ ಡಬ್ಬಿ ತೊಳೆಸಿಕೊಂಡು ಬರತೊಡಗಿದ. ಅಂಕಿ ಏರಿತು. ಎರಡು ವಾರಕ್ಕೆ ಗುಮಾಸ್ತ ಮೂರನ್ನು ಅಳಿಸಿ ನಾಲ್ಕು ಬರೆದ. ಅದು ಏನು ಹೇಳಿತು ಗೊತ್ತೆ?

ಸಾಹುಕಾರರು ತೆಂಗಿನಕಾಯಿ ಒಡೆಸಿದರು. ಹಮಾಲರಿಗೆಲ್ಲ ಪೇಡೆ ಹಂಚಿದರು.

"ನೋಡಿದ್ರಾ? ಗೂಗಲ್‌ನ್ಯಾಗ ಆಣಿ ಮಾಡಿ ಮೂರು ವಾರ ಆಗಿಲ್ಲ. ಮೂರಿದ್ದದ್ದು ನಾಕು ಆತು! ದೇವರಿಗೆ ಅಂಜಿ ಕಳವು ಬಿಟ್ಟ. ನಾ ಏನ್ ಅಂದಿದ್ದೆ!"

ನನ್ನ ಕೈಯಲ್ಲಿ ಮೊರ ಹಾಗೇ ನಿಂತಿತು. ಅಂಕಿ ಕಡಿಮೆಯಿದ್ದಾಗ ಕಳ್ಳನಿರಬಹುದು ಎಂದಿದ್ದರು; ಏರಿದ ಮೇಲೆ ಕಳ್ಳನೇ ಆಗಿದ್ದ ಎಂದು ಗಟ್ಟಿಯಾಯಿತು. ಮಾಡಿದ ಆಣೆಯೇ ಸುಳ್ಳಾಣೆಯಾಯಿತು. ಅದನ್ನು ಸಾಹುಕಾರರು ಸಿಟ್ಟಿನಿಂದಲೂ ಹೇಳಲಿಲ್ಲ, ಪೇಡೆ ತಿನ್ನುತ್ತಾ, ನನ್ನ ಮಗನ ಬೆನ್ನು ತಟ್ಟುತ್ತಾ ಹೇಳಿದರು. ಸುದ್ದಿ ಮಾನ್ವಿಯ ಸಂತೆಯಲ್ಲಿ ಹರಡಿತು, ದೇವದುರ್ಗದ ಆ ಇಬ್ಬರು ವ್ಯಾಪಾರಿಗಳ ಬಾಯಲ್ಲಿ ಅಲ್ಲೂ ಹರಡಿತು.

ವಲಿ ಪಾಷಾ ಮಾತ್ರ ನನ್ನ ಹತ್ತಿರ ಬಂದು ಮೆಲ್ಲಗೆ, "ಚಾಚೀ, ನನ್ನ ಗಾಡಿ ಒಂದು ದಿನಾ ನಾಕಕ್ಕ ಇಳೀತಂದ್ರ ನನ್ನ ಯಾವ ದರ್ಗಾಕ್ಕ ಎಳಕೊಂಡು ಹೋಗ್ತಾರೋ ಏನೋ. ಈಗಾ ಈಜು ಕಲೀಲಾ?" ಎಂದ. ನಗು ಬರಲಿಲ್ಲ ನನಗೆ.

ಅದೇ ವಾರ ಗಡಿಗೆಪ್ಪನವರು ಚೀಟಿ ಕೇಳಲು ಗಿರಣಿಗೆ ಬಂದರು. ಸಾಹುಕಾರರು ಅವರಿಗೆ ಚಹಾ ಕೊಟ್ಟು, ಇಡೀ ಕಥೆ ಹೇಳಿ, "ಒಯ್ರಿ, ಈಗ ಬಂಗಾರ ಆಗ್ಯಾನ. ಹಂಗಾ ಬರ್ದು ಕೊಡ್ತೀನಿ: ಮೊದಲು ಡೀಸೆಲ್ ಕದೀತಿದ್ದ, ಆಣಿ ಆದ ಮ್ಯಾಲ ಪ್ರಾಮಾಣಿಕ ಆಗ್ಯಾನ ಅಂತ," ಎಂದರು. ಉಪಕಾರ ಮಾಡುತ್ತಿದ್ದೇನೆ ಎಂದೇ ಅವರ ನಂಬಿಕೆ. ಗಡಿಗೆಪ್ಪನವರು ಗಡ್ಡ ಕೆರೆದುಕೊಂಡು, "ಬರೀಸಿ ಕಳಸ್ರಿ, ನೋಡೂಣು," ಎಂದು ಹೋದರು.

ಮನೆಗೆ ಬಂದು ಮಗ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತ. "ತಗೊಳ್ಳೂಣಬೇ ಆ ಚೀಟಿ. ಕೆಲಸಾ ಸಿಗ್ತದ. ಏನರ ಬರೀಲಿ."

"ನೀ ಕದ್ದಿಯೇನು?"

"ಇಲ್ಲಬೇ."

"ಮತ್ತ?"

"ನಾ ಕದ್ದಿಲ್ಲ ಅಂತ ನಿನಗ ಗೊತ್ತು, ಈಕಿಗೆ ಗೊತ್ತು. ಸಾಕಲ್ಲ."

ಅವನ ಧ್ವನಿಯಲ್ಲಿ ದಣಿವಿತ್ತು. ನನಗೆ ಅವನ ಮೇಲೆ ಸಿಟ್ಟು ಮಾಡಲಾಗಲಿಲ್ಲ. ತಟ್ಟೆಗೆ ರೊಟ್ಟಿ ಹಾಕಿ, ಪಲ್ಯ ಹಾಕಿ, ಅವನು ಎರಡು ತುತ್ತು ತಿನ್ನುವವರೆಗೆ ಕಾಯ್ದೆ. ಆಮೇಲೆ ಹೇಳಿದೆ: "ಸಾಲಂಗಿಲ್ಲಪ್ಪಾ. ಆ ಚೀಟಿ ನಿನ್ನ ಹಿಂದ ಎಲ್ಲಾ ಕಡಿಗೂ ಬರ್ತದ. ಅಲ್ಲಿ ಒಂದು ದಿನಾ ಒಂದು ಲೀಟರ್ ಕಮ್ಮಿ ಬಂದ್ರ ಮೊದಲು ನಿನ್ನ ಕೊರಳ ಪಟ್ಟೀನಾ ಹಿಡೀತಾರ. ನಾಳಿ ಈ ಕೂಸು ದೊಡ್ಡದಾಗಿ ಓದ್ತದ ಅದನ್ನ. ನನಗ ನಾಳಿನ ಮುಂಜಾನಿ ಒಂದು ಕೊಡು. ಆಗಲಿಲ್ಲಂದ್ರ ನೀ ಹೇಳಿದಂಗ."

ಬೂದೆಮ್ಮ ಒಲೆಯ ಹತ್ತಿರದಿಂದ, "ಕೊಡ್ರಿ," ಎಂದಳು. ಅಷ್ಟೇ ಅಂದಳು.

ಬೆಳಿಗ್ಗೆ ಆರತಿಯ ಹೊತ್ತಿಗೆ ಎಲ್ಲರೂ ಅಂಗಳದಲ್ಲಿದ್ದರು. ಸಾಹುಕಾರರ ಹೆಂಡತಿ ಅನ್ನಮ್ಮನವರು ತಟ್ಟೆ ಹಿಡಿದು ನಿಂತಿದ್ದರು. ಬಾನೆಟ್ ತೆರೆದಿತ್ತು. ನಾನು ಮೊರವನ್ನು ಬಿಟ್ಟು ನಡುವೆ ಬಂದು ನಿಂತೆ.

"ಸಾಹುಕಾರ್ರ, ಇವತ್ತು ಆರತಿ ಆಗೋತನ ಈ ಗಾಡಿ ಮೂಗಿಗೆ ಒಂದು ಹಸೀ ಬಟ್ಟಿ ಕಟ್ತೀನಿ. ಅಂಥದಾ ಇನ್ನೊಂದು ಬಾಜೂಕ ಕನ್ನಡಿಗೆ ಹಾಕ್ತೀನಿ. ಆಮ್ಯಾಲ ಎರಡೂ ನೋಡ್ರಿ. ಇಷ್ಟಾ ಕೇಳೋದು."

"ಏನ್ ಹುಚ್ಚು ಇದು? ಪೂಜಿ ಹೊತ್ತಿಗೆ!"

"ಗಾಡಿ ಬಿಚ್ಚಂಗಿಲ್ಲ, ಮುರ್ಯಂಗಿಲ್ಲ. ಹಿಟ್ಟು ಸೋಸಿದಂಗ ನೋಡೋದು."

ನಾನು ತಂದಿದ್ದ ಹಳೆಯ ಸೀರೆಯ ತುಂಡುಗಳಿಗೆ ಬಣ್ಣವಿತ್ತು. ಅನ್ನಮ್ಮನವರು ಅದನ್ನು ನೋಡಿದರು, ಗಂಡನನ್ನು ನೋಡಿದರು. ಆಮೇಲೆ ಆರತಿಯ ತಟ್ಟೆಯನ್ನು ಗುಮಾಸ್ತನ ಕೈಗೆ ಕೊಟ್ಟು, ಪೂಜೆಗೆಂದು ತಂದಿದ್ದ ಬಿಳಿಯ ಮಡಿ ಬಟ್ಟೆಯನ್ನು ಹರಿದು ಎರಡು ಮಾಡಿದರು. "ಬಿಳೇದ್ರಾಗ ಛಲೋ ಕಾಣ್ತದ. ಕಟ್ಟು ಬಂಡೆಮ್ಮಾ," ಎಂದರು.

ನೀರಲ್ಲಿ ಅದ್ದಿ ಹಿಂಡಿ ಕಟ್ಟಿದೆ. ಮಗ ಇಂಜಿನ್ ಚಾಲೂ ಮಾಡಿದ. ಗಿರಣಿಯೂ ಚಾಲೂ ಆಯಿತು, ಕೊಳವೆ ಎಂದಿನಂತೆ ಉಗುಳಿತು. ಮೂಗಿನ ಬಟ್ಟೆ ಒಳಕ್ಕೆ ಎಳೆದುಕೊಂಡು ಬಟ್ಟಲಿನ ಹಾಗೆ ತಗ್ಗಾಯಿತು. ಮೊದಲು ಹಳದಿ, ಆಮೇಲೆ ಕಂದು. ಗಂಟೆ ಬಾರಿಸುವವನು ಬಾರಿಸುವುದನ್ನು ಮರೆತು ಅದನ್ನೇ ನೋಡಿದ. ಹತ್ತು ನಿಮಿಷ ಆಗುವಷ್ಟರಲ್ಲಿ ಇಂಜಿನ್‌ನ ದನಿ ಒಡೆಯಿತು, ಹೊಗೆ ಕೊಳವೆ ಕರ್ರಗೆ ಕಾರಿತು. ನನಗೆ ಗುರುತಿದ್ದ ಅದೇ ಕಪ್ಪು. ಮಗ ಬಂದ್ ಮಾಡಿದ.

ಕನ್ನಡಿಯ ಮೇಲಿನ ಬಟ್ಟೆಗೆ ಧೂಳು ಹತ್ತಿತ್ತು, ಬಟ್ಟೆಯ ಬಿಳುಪು ಇನ್ನೂ ಕಾಣುತ್ತಿತ್ತು. ಮೂಗಿನ ಬಟ್ಟೆಯನ್ನು ಬಿಚ್ಚಿ ನೆಲದ ಮೇಲೆ ಹರಡಿದೆ. ರೊಟ್ಟಿಯ ದಪ್ಪದಷ್ಟು ತೌಡು ಕುಳಿತಿತ್ತು.

"ಇದು ಒಂದು ಆರತೀದು. ದಿನಕ್ಕ ಎರಡು, ಮೂರು ತಿಂಗಳು," ಎಂದೆ. "ಇದನ್ನ ತಿಂದು ಗಾಡಿ ಮೂರು ಕೊಡ್ತಿತ್ತು. ರಾಯಚೂರಿನ್ಯಾಗ ತೊಳಿಸಿದ ಮ್ಯಾಲ ನಾಕು ಕೊಡ್ತು. ನಿಮ್ಮ ಸ್ವಾಮಿಗಳ ದಾರ ನನ್ನ ಕೈಲೇ ಬಿಚ್ಚೀನಿ, ನನ್ನ ಕೈಲೇ ಕಟ್ಟೀನಿ. ನನ್ನ ಮಗ ಕಳ್ಳಲ್ಲ."

ಸಾಹುಕಾರರ ಮುಖ ಕೆಂಪಾಯಿತು. ಅವರ ಬಾಯಿಂದ ಬಂದ ಮೊದಲ ಮಾತು ಯಾವುದು? "ದಾರ ಬಿಚ್ಚಿದಿ? ಮಂತ್ರಿಸಿದ ದಾರ ಬಿಚ್ಚಿದಿ?"

ಎಳೆಯ ಕೂಸಿನ ತಂದೆಯನ್ನು ಚಳಿಯ ಹೊಳೆಯಲ್ಲಿ ಮುಳುಗಿಸಿದ್ದು ಏನೂ ಅಲ್ಲ, ಕಣ್ಣು ಹೋಗಲಿ ಎನ್ನಿಸಿದ್ದು ಏನೂ ಅಲ್ಲ, ಎರಡು ತಾಲ್ಲೂಕಿನ ತುಂಬ ಕಳ್ಳ ಎಂದು ಸಾರಿದ್ದೂ ಏನೂ ಅಲ್ಲ. ದಾರ!

"ಬಿಚ್ಚಿ ಎಷ್ಟು ದಿನಾ ಆತು. ಗಾಡಿಗೆ ಏನ್ ಆಗೈತ್ರಿ?" ಎಂದರು ಅನ್ನಮ್ಮನವರು. "ನಾಕು ಕೊಡಾಕತ್ತದ. ಪೇಡಾ ಹಂಚಿದ್ರಲ್ಲ."

ಹಮಾಲರಲ್ಲಿ ಯಾರೋ ಕಿಸಕ್ಕೆಂದರು. ವಲಿ ಪಾಷಾ, "ಈಜು ಕಲ್ಯಾದು ಉಳೀತು," ಎಂದ. ನಗೆ ಎಲ್ಲ ಕಡೆ ಹಬ್ಬಿತು. ಸಾಹುಕಾರರು ಒಳಗೆ ಹೋಗಿ ಗಾದಿಯ ಮೇಲೆ ಕುಳಿತರು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

"ಏನ್ ಬೇಕು ಇನ್ನ? ನಾನೂ ಹೋಗಿ ಹೊಳ್ಯಾಗ ಮುಳುಗ್ಲಾ?"

"ಬ್ಯಾಡ್ರೀ. ಆ ಚಳಿ ಯಾರ ಮಕ್ಕಳಿಗೂ ಬ್ಯಾಡ. ಅಂವ ಕದ್ದಿಲ್ಲ ಅಂತ ಅಂಗಳಕ್ಕ ಬಂದು ಎಲ್ಲರ ಮುಂದ ಒಂದು ಮಾತು ಹೇಳ್ರಿ. ಚೀಟ್ಯಾಗ ಅದನ್ನಾ ಬರೀರಿ."

ಚೀಟಿ ಬರೆಸಿದರು. ಯಮನೂರಪ್ಪ ನಂಬಿಕಸ್ಥ, ಗಾಡಿಯನ್ನು ಚೆನ್ನಾಗಿ ನೋಡಿಕೊಳ್ಳುವವನು, ಇವನ ಮೇಲೆ ಯಾವ ದೂರೂ ಇಲ್ಲ. ಬೂದೆಮ್ಮ ಎರಡು ಸಲ ಓದಿ ನೋಡಿದಳು, ಸರಿಯಾಗಿತ್ತು. ಆದರೆ ಅಂಗಳಕ್ಕೆ ಅವರು ಬರಲಿಲ್ಲ. "ಬರ್ದು ಕೊಟ್ಟೀನಲ್ಲ, ಮತ್ತೇನು," ಎಂದರು. ಮರುದಿನ ಹೊಸ ಲಾರಿ ಬೇವಿನ ನೆರಳಿಗೆ ಬಂತು. ಸ್ವಾಮಿಗಳೇ ಜಾಗ ಬದಲಿಸಲು ಹೇಳಿದರು ಎಂದು ಗುಮಾಸ್ತನಿಂದ ಹೇಳಿಸಿದರು.

ಗಡಿಗೆಪ್ಪನವರು ಚೀಟಿ ಓದಿ ಮಗನನ್ನು ಕೆಲಸಕ್ಕೆ ತೆಗೆದುಕೊಂಡರು. ಶಕ್ತಿನಗರದಲ್ಲಿ ತಗಡಿನ ಮನೆ ಸಿಕ್ಕಿತು. ಆದರೆ ಕಾಗದ ತಲುಪುವ ಮೊದಲೇ ಬಾಯಿಮಾತು ತಲುಪಿತ್ತು. ಮೊದಲ ಆರು ತಿಂಗಳು ಹನ್ನೆರಡು ಲಾರಿಗಳಲ್ಲಿ ನನ್ನ ಮಗನ ಲಾರಿಯ ಡೀಸೆಲ್ ಟ್ಯಾಂಕಿಗೆ ಮಾತ್ರ ಬೀಗ ಹಾಕಿದ್ದರು. ಮಗ ದಿನಾ ಬೆಳಿಗ್ಗೆ ಗಾಳಿಯ ಡಬ್ಬಿ ಬಿಚ್ಚಿ ತೊಳೆದು, ಟೈರಿನ ಗಾಳಿ ನೋಡಿ, ಲೀಟರಿಗೆ ನಾಲ್ಕೂವರೆ ಓಡಿಸಿದ. ಆಮೇಲೆ ಬೀಗ ತೆಗೆದರು. ತೆಗೆದವರೂ ಯಾಕೆ ಹಾಕಿದ್ದೆವು ಎಂದು ಹೇಳಲಿಲ್ಲ.

ಮೊನ್ನೆ ಪೋತ್ನಾಳದಲ್ಲಿ ಬಸ್ಸಿಗೆ ಕಾಯುತ್ತಾ ಒಬ್ಬಳ ಹತ್ತಿರ ಮೆಣಸಿನಕಾಯಿ ಕೊಳ್ಳುತ್ತಿದ್ದೆ. ಮಾನ್ವಿಯವಳು ಎಂದು ತಿಳಿದ ಕೂಡಲೇ ಅವಳು ಕಣ್ಣರಳಿಸಿ, "ನಿಮ್ಮೂರಾಗ ಒಬ್ಬ ಡ್ರೈವರ್ ಡೀಸೆಲ್ ಕದ್ದು, ಗೂಗಲ್ ದೇವರ ಮುಂದ ಆಣಿ ಮಾಡಿ ಸುಧಾರಿಸಿದನಂತಲ್ಲಬೇ? ಎಂಥಾ ಮಹಿಮೆ ನೋಡು!" ಎಂದಳು.

ಬಸ್ಸು ಬರುತ್ತಿರುವುದು ಕಾಣುತ್ತಿತ್ತು. ನಾನು ಬುಟ್ಟಿಯನ್ನು ನೆಲಕ್ಕಿಳಿಸಿ ಅವಳ ಎದುರಿಗೆ ಕುಳಿತೆ.

"ತಕ್ಕಡಿ ಕೆಳಗಿಡವ್ವಾ," ಎಂದೆ. "ಆ ಡ್ರೈವರ್‌ನ ಹಡದಾಕಿ ನಾನು. ಮೊದಲಿಂದ ಹೇಳ್ತೀನಿ, ಕೇಳು."